ಹಳೇ ವ್ಯಾನಿಗೆ ಟಿಡಿಐ ಎಂಜಿನ್ ಕೂರಿಸುವುದು ಹೇಗೆ?

80ರ ದಶಕದ, ಎಂಜಿನ್ ಹಿಂದಿರುವ ಫೋಕ್ಸ್‌ವ್ಯಾಗನ್ ಟಿ3 ವ್ಯಾನಿಗೆ ಮೊದಲು ಬಂದ 1.6 ಲೀಟರ್ ಡೀಸೆಲ್ ಎಂಜಿನ್ ಬರೀ 50 ಹಾರ್ಸ್‌ಪವರಿನದು. ಆಮೇಲೆ ಬಂದ ಟರ್ಬೊ ಡೀಸೆಲ್ 70. ಜನ, ಸಾಮಾನು ತುಂಬಿಕೊಂಡು ಏರು ಹತ್ತಿಸಿದರೆ ಎರಡನೇ ಗೇರಿನಲ್ಲಿ ತೆವಳುತ್ತದೆ. ಅದಕ್ಕೇ ತುಂಬ ಜನ ಫೋಕ್ಸ್‌ವ್ಯಾಗನ್ನಿನದೇ 90ರ ದಶಕದ ಕಾರುಗಳ 1.9 ಲೀಟರ್ ಟಿಡಿಐ (ಟರ್ಬೊ ಇರುವ, ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಎಂಜಿನ್ ಹುಡುಕುತ್ತಾರೆ. 90 ಹಾರ್ಸ್‌ಪವರ್, 1900 ಆರ್‌ಪಿಎಂಗೇ 202 ನ್ಯೂಟನ್ ಮೀಟರ್ ಟಾರ್ಕ್. ಹಳೆಯದೂ ಇದೂ ಒಂದೇ ವಂಶದ ಎಂಜಿನ್‌ಗಳು, ಹಾಗಾಗಿ ಡೀಸೆಲ್ ಟಿ3ಯ ಗೇರ್‌ಬಾಕ್ಸಿಗೆ ಇದು ಕೂರುತ್ತದೆ. ಎಂಜಿನ್ ಕೂರಿಸುವುದು ಅಷ್ಟೇನೂ ಕಷ್ಟವಲ್ಲ, ತಲೆ ತಿನ್ನುವುದು ಅದರ ಸುತ್ತಲಿನ ವೈರು, ಪೈಪು, ಬ್ರಾಕೆಟ್ಟು.

ನಿಮ್ಮದು ಪೆಟ್ರೋಲ್ ಟಿ3 ಆಗಿದ್ದರೆ ಲೆಕ್ಕವೇ ಬೇರೆ. ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ), ಮೌಂಟಿಂಗ್, ಡೀಸೆಲ್ ರಿಟರ್ನ್ ಲೈನ್ ಎಲ್ಲ ಬದಲಾಗಬೇಕು. ಇಲ್ಲಿ ಹೇಳುತ್ತಿರುವುದು ಡೀಸೆಲ್ ವ್ಯಾನಿನ ಮಾತು.

ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ವಿಚಾರಿಸುವುದು. ಎಂಜಿನ್ ನಂಬರ್ ಬದಲಾದರೆ ನೋಂದಣಿ, ವಿಮೆ ಎರಡರಲ್ಲೂ ಪ್ರಶ್ನೆ ಬರುತ್ತದೆ. ಒಪ್ಪಿಗೆ ಸಿಗುತ್ತದಾ ಅಂತ ತಿಳಿದುಕೊಂಡೇ ದುಡ್ಡು ಬಿಚ್ಚಿ.

ಆಮೇಲೆ ಎಂಜಿನ್ ಹುಡುಕಿ. ಆದರೆ ಬರೀ ಎಂಜಿನ್ ತರಬೇಡಿ, ಸಾಧ್ಯವಾದರೆ ಇಡೀ ಕಾರನ್ನೇ ತನ್ನಿ. ಇಸಿಯು (ಎಂಜಿನ್ನಿನ ಕಂಪ್ಯೂಟರ್), ಪೂರ್ತಿ ವೈರಿಂಗ್, ಆಕ್ಸಿಲರೇಟರ್ ಸೆನ್ಸರ್, ಹೀಟರ್ ಪ್ಲಗ್ ರಿಲೇ, ಗಾಳಿ ಅಳೆಯುವ ಸೆನ್ಸರ್, ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್, ಇವನ್ನೆಲ್ಲ ಒಂದೊಂದಾಗಿ ಹುಡುಕಿಕೊಂಡು ಅಲೆದರೆ ಎಂಜಿನ್ನಿಗಿಂತ ಜಾಸ್ತಿ ಖರ್ಚಾಗುತ್ತದೆ. ಕಾರು ಓಡುವ ಸ್ಥಿತಿಯಲ್ಲಿದ್ದರೆ ಇನ್ನೂ ಒಳ್ಳೆಯದು, ಬಿಚ್ಚುವ ಮೊದಲೇ ಹೊಗೆ, ಸದ್ದು, ತಣ್ಣಗಿದ್ದಾಗ ಸ್ಟಾರ್ಟ್ ಆಗುವ ರೀತಿ ಎಲ್ಲ ನೋಡಿಕೊಳ್ಳಬಹುದು. 90ರ ದಶಕದ ಕೊನೆಯ ಕಾರುಗಳಲ್ಲಿ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಇರುತ್ತದೆ. ಆ ಪೆಟ್ಟಿಗೆ, ಕೀಲಿ ಸುತ್ತಲಿನ ರಿಂಗು, ಕೀ, ಮೂರನ್ನೂ ಬಿಡಬೇಡಿ. ಇಲ್ಲದಿದ್ದರೆ ಎಂಜಿನ್ ಒಂದು ಕ್ಷಣ ಸ್ಟಾರ್ಟ್ ಆಗಿ ಆಫ್ ಆಗುತ್ತದೆ, ನೀವು ಸುಮ್ನೆ ಡೀಸೆಲ್ ಪಂಪನ್ನು ಬೈಯುತ್ತಾ ಕೂರುತ್ತೀರಿ.

ಎಂಜಿನ್ ಇನ್ನೂ ನೆಲದ ಮೇಲಿರುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕ್‌ನ ಎರಡೂ ತುದಿಯ ಆಯಿಲ್ ಸೀಲ್ ಬದಲಿಸಿ. ಒಳಗೆ ಹೋದ ಮೇಲೆ ಕೈ ಹೋಗುವುದಿಲ್ಲ.

ಈಗ ಈ ಕೆಲಸದ ಅಸಲಿ ಸೂಕ್ಷ್ಮ. ಕಾರಿನಲ್ಲಿ ಎಂಜಿನ್ ಹೆಚ್ಚು ಕಡಿಮೆ ನೆಟ್ಟಗೆ ನಿಂತಿರುತ್ತದೆ, ಟಿ3ಯಲ್ಲಿ ಅದು ಸುಮಾರು 50 ಡಿಗ್ರಿ ವಾಲಿ ಮಲಗುತ್ತದೆ. ಕಾರಿನ ಆಯಿಲ್ ಸಂಪ್ (ಎಂಜಿನ್ ತಳದ ಎಣ್ಣೆ ತಟ್ಟೆ) ಹಾಗೇ ಬಿಟ್ಟರೆ ಎಣ್ಣೆ ಒಂದು ಪಕ್ಕಕ್ಕೆ ಹೋಗಿ, ಅದನ್ನು ಹೀರುವ ಪಿಕಪ್ ಪೈಪ್ ಗಾಳಿ ಎಳೆಯುತ್ತದೆ, ಬೇರಿಂಗ್ ಕಥೆ ಮುಗೀತು. ಆದ್ದರಿಂದ ಹಳೆಯ ಎಂಜಿನ್ನಿನ ಸಂಪ್, ಪಿಕಪ್ ಇರುವ ಆಯಿಲ್ ಪಂಪ್, ಡಿಪ್‌ಸ್ಟಿಕ್, ಮೌಂಟಿಂಗ್ ಬ್ರಾಕೆಟ್ ಎಲ್ಲ ಹೊಸದಕ್ಕೆ ಬರಬೇಕು. ವ್ಯಾಕ್ಯೂಮ್ ಪಂಪ್ ಕೆಲಸ ಮಾಡುತ್ತಿದೆಯಾ ನೋಡಿ, ಡೀಸೆಲ್‌ನಲ್ಲಿ ಬ್ರೇಕ್ ಬೂಸ್ಟರ್ ನಿಂತಿರುವುದೇ ಅದರ ಮೇಲೆ. ಟರ್ಬೊ ಮತ್ತು ಅದರ ಪೈಪುಗಳು ವಾಲಿದ ಮೇಲೆ ವ್ಯಾನಿನ ಮೈಗೆ ತಾಗುತ್ತವೆಯೇ ಅಂತ ಬೋಲ್ಟ್ ಬಿಗಿಯುವ ಮೊದಲೇ ಅಳೆದುಕೊಳ್ಳಿ.

ಬ್ಯಾಟರಿ ಕಳಚಿ, ಕೂಲೆಂಟ್ ಇಳಿಸಿ, ಗೇರ್‌ಬಾಕ್ಸಿಗೆ ಕೆಳಗಿಂದ ಆಸರೆ ಕೊಟ್ಟು ಹಳೇ ಎಂಜಿನ್ ಕೆಳಕ್ಕೆ ಇಳಿಸಿ. ಹೊಸ ಕ್ಲಚ್ ಪ್ಲೇಟ್ ಹಾಕಿ, ಹೊಸ ಎಂಜಿನ್ ಏರಿಸಿ. ಈ ಭಾಗ ಇಷ್ಟೇ.

ವೈರಿಂಗ್ ಇಷ್ಟಕ್ಕೆ ಮುಗಿಯುವುದಿಲ್ಲ. ಕಾರಿನ ವೈರಿಂಗ್ ಹಾಸಿಕೊಂಡು, ಸರ್ಕ್ಯೂಟ್ ನಕ್ಷೆ ಪಕ್ಕದಲ್ಲಿಟ್ಟು, ಲೈಟು, ವೈಪರ್, ಏಸಿ ವೈರುಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಕೊನೆಗೆ ಉಳಿಯುವುದು ಬ್ಯಾಟರಿಯ ನೇರ ಲೈನು, ಕೀ ಆನ್ ಆದಾಗ ಬರುವ ಲೈನು, ಒಳ್ಳೆಯ ಅರ್ಥ್ ಮತ್ತು ಸೆನ್ಸರ್‌ಗಳವು. ಡಯಾಗ್ನಾಸ್ಟಿಕ್ ಸಾಕೆಟ್ ಮಾತ್ರ ಕಿತ್ತು ಹಾಕಬೇಡಿ. ಹಳೇ ವ್ಯಾನಿನಲ್ಲಿ ಆಕ್ಸಿಲರೇಟರ್ ಕೇಬಲ್ ನೇರ ಪಂಪಿಗೆ ಹೋಗುತ್ತಿತ್ತು, ಟಿಡಿಐ ಪಂಪಿಗೆ ಕೇಬಲ್ಲೇ ಇಲ್ಲ. ಪೆಡಲ್ ಸೆನ್ಸರನ್ನು ಹಿಂದೆ ಎಂಜಿನ್ ಹತ್ತಿರವೇ ಕೂರಿಸಿ ಹಳೇ ಕೇಬಲ್ಲಿನಿಂದಲೇ ಎಳೆಸಿದರೆ ಮುಂದಿನವರೆಗೆ ವೈರ್ ಎಳೆಯುವ ಕೆಲಸ ತಪ್ಪುತ್ತದೆ. ಇಂಟರ್‌ಕೂಲರ್‌ಗೆ ಗಾಳಿ ಬೇಕು, ಎಂಜಿನ್ ಹಿಂದಿರುವ ವ್ಯಾನಿನಲ್ಲಿ ಅದು ತಾನಾಗಿ ಬರುವುದಿಲ್ಲ, ಫ್ಯಾನ್ ಇಡಬೇಕಾಗಬಹುದು.

ಮೊದಲ ಸಲ ಸ್ಟಾರ್ಟ್ ಮಾಡುವಾಗ ಅವಸರ ಬೇಡ. ಪಂಪಿಗೆ ಡೀಸೆಲ್ ತುಂಬಿ. ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಪಂಪಿನ ಸ್ಟಾಪ್ ಸೊಲೆನಾಯ್ಡ್ ವೈರ್ ಕಳಚಿಟ್ಟು, ಆಯಿಲ್ ಲೈಟ್ ಆರುವವರೆಗೆ ಮಧ್ಯೆ ಮಧ್ಯೆ ಬಿಡುವು ಕೊಟ್ಟು ಸ್ಟಾರ್ಟರ್ ತಿರುಗಿಸಿ, ಇಲ್ಲದಿದ್ದರೆ ಟರ್ಬೊ ಒಣಗಿಯೇ ಸುತ್ತುತ್ತದೆ. ಗಾಳಿ ಒಳಹೋಗುವ ಬಾಯಿ ಮುಚ್ಚಲು ಗಟ್ಟಿ ಹಲಗೆಯೊಂದನ್ನು ಇನ್ನೊಬ್ಬರ ಕೈಗೆ ಕೊಟ್ಟಿರಿ. ಡೀಸೆಲ್ ಎಂಜಿನ್ ತನ್ನದೇ ಎಣ್ಣೆ ಕುಡಿದು ಓಡತೊಡಗಿದರೆ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಬರೀ ಕೈ ಅಡ್ಡ ಇಡುವ ಸಾಹಸ ಮಾತ್ರ ಬೇಡ.

ಎಂಜಿನ್ ಓಡಿದ ಮೇಲೆ ಕೂಲೆಂಟ್ ಗಾಳಿ ತೆಗೆಯಿರಿ. ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ, ಮಧ್ಯೆ ವ್ಯಾನ್ ಉದ್ದಕ್ಕೂ ಪೈಪು, ಹಾಗಾಗಿ ಏರ್ ಲಾಕ್ ಖಂಡಿತ. ವ್ಯಾನಿನ ಮೂತಿ ಎತ್ತರಕ್ಕೆ ಎತ್ತಿ, ರೇಡಿಯೇಟರ್ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ನೀರಷ್ಟೇ ಬರುವವರೆಗೆ ಕಾಯಿರಿ. ಎಂಜಿನ್ ಬಿಸಿಯಾದ ಮೇಲೆ ಪಂಪ್ ಟೈಮಿಂಗ್ ಅನ್ನು ಕಂಪ್ಯೂಟರ್ ಹಚ್ಚಿ ನೋಡಿ.

ಇನ್ನು ಗೇರ್‌ಬಾಕ್ಸ್. ಅದು 50–70 ಹಾರ್ಸ್‌ಪವರ್ ಎಂಜಿನ್ನಿಗೆ ಅಂತ ಮಾಡಿದ್ದು, ಹಲ್ಲಿನ ಲೆಕ್ಕವೂ ಹಾಗೇ. ಹೆದ್ದಾರಿಯಲ್ಲಿ ಟಿಡಿಐ ಸುಮ್ನೆ ಕಿರುಚುತ್ತದೆ. ಕೈಯಲ್ಲಿ ದುಡ್ಡು ಉಳಿದಿದ್ದರೆ ಉದ್ದನೆಯ ಟಾಪ್ ಗೇರ್ ಹಾಕಿಸಿ, ಉಳಿಯದಿದ್ದರೆ ಕ್ಲಚ್ ಮೆಲ್ಲಗೆ ಬಿಡಿ. ಆದರೆ ಟಾಪ್ ಗೇರ್‌ಗಿಂತ ಮೊದಲು ಬ್ರೇಕ್ ನೋಡಿಸಿ.