ಮನೆಗೆ ಕಾಯಿಲೆ ಬಂದಾಗ ಊರನ್ನು ಜೊತೆಗಿಟ್ಟುಕೊಳ್ಳುವುದು ಹೇಗೆ

ನಾನು ಕೊಡಗಿನ ಸುಂಟಿಕೊಪ್ಪದ ಕಡೆಯವಳು. ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ರಿಟೈರ್ ಆಗಿದ್ದೇನೆ. ಸ್ವಲ್ಪ ರೋಬಸ್ಟಾ ಕಾಫಿ ತೋಟ ಇದೆ. ನಮ್ಮ ಯಜಮಾನರಿಗೆ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾಯಿತು. ಕೆಲವು ವರ್ಷ ಹಾಗೇ ನಡೆಯಿತು, ಆಮೇಲೆ ಅವರು ತೀರಿಕೊಂಡರು. ಈಗ ನಮ್ಮೂರಲ್ಲಿ ಯಾರ ಮನೆಗೆ ದೊಡ್ಡ ಕಾಯಿಲೆ ಬಂದರೂ "ಟೀಚರಮ್ಮನ್ನ ಒಂದು ಸಲ ಕೇಳಿ" ಅನ್ನುತ್ತಾರೆ. ನಾನು ಡಾಕ್ಟರಲ್ಲ, ಮದ್ದಿನ ವಿಷಯ ಹೇಳುವುದಿಲ್ಲ. ಊರಿನ ಜನರಿಂದ ಕೆಲಸ ಹೇಗೆ ಆಗಿಸಿಕೊಳ್ಳಬೇಕು ಅಂತ ಹೇಳುತ್ತೇನೆ. ಇಲ್ಲಿ ಬರೆದಿರುವುದೂ ಅದನ್ನೇ.

ನೋಡಲು ಬಂದವರೆಲ್ಲ ಹೊರಡುವಾಗ "ಏನಾದ್ರೂ ಬೇಕಿದ್ರೆ ಹೇಳಿ ಅಕ್ಕ" ಅನ್ನುತ್ತಾರೆ. ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಕಾಯಿಲೆ ಮನೆಯವರು ಹೇಳುವುದಿಲ್ಲ. ಸಂಕೋಚ ಇರುತ್ತದೆ. ಯಾರ ಹತ್ತಿರ ಏನು ಕೇಳಬೇಕು ಅಂತ ಯೋಚಿಸಲೂ ಆಗದಷ್ಟು ಸುಸ್ತೂ ಇರುತ್ತದೆ. ಬಂದವರು ಹೋಗುತ್ತಾರೆ, ಕೆಲಸ ಹಾಗೇ ಉಳಿಯುತ್ತದೆ. ಅದಕ್ಕೆ ಕೇಳುವ ಕೆಲಸವನ್ನೇ ಮನೆಯ ಹೊರಗಿನವರೊಬ್ಬರಿಗೆ ಒಪ್ಪಿಸಿಬಿಡಿ.

ಯಾರಿಗೆ ಒಪ್ಪಿಸಬೇಕು? ಒಡಹುಟ್ಟಿದವರು ಬೇಡ, ನಾದಿನಿ ಬೇಡ. ಅವರಿಗೂ ನಿಮ್ಮಷ್ಟೇ ಸಂಕಟ ಇರುತ್ತದೆ. ಲೆಕ್ಕ ಗೊತ್ತಿರುವವರು, ಫೋನಿನಲ್ಲಿ ಮುಲಾಜಿಲ್ಲದೆ ಮಾತಾಡುವವರು ಬೇಕು. ನನಗೆ ಸಿಕ್ಕಿದ್ದು ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವ ಪಕ್ಕದ ತೋಟದ ಅಕ್ಕ. ವಾರ ವಾರ ಕಂತು ವಸೂಲಿ ಮಾಡಿ ಪಳಗಿದವರು. ಅವರು ಕೇಳಿದರೆ ಇಲ್ಲ ಅನ್ನಲು ಜನಕ್ಕೆ ಧೈರ್ಯ ಸಾಲುತ್ತಿರಲಿಲ್ಲ. ಇಲ್ಲ ಅಂದವರಿಗೂ ಬೇರೆ ಒಂದು ಕೆಲಸ ಹುಡುಕಿ ಕೊಡುತ್ತಿದ್ದರು.

ಅವರು ಒಂದು ನೋಟ್‌ಬುಕ್ ಇಟ್ಟರು. ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೆಲಸ, ಯಾರು. ಅಷ್ಟೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಪರಿಹಾರ ಕೇಂದ್ರಗಳಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಅಕ್ಕಿ, ಹಳೇ ಬಟ್ಟೆ ರಾಶಿ ರಾಶಿ ಬರುತ್ತದೆ. ಬಿಪಿ ಮಾತ್ರೆ, ಹೆಂಗಸರ ಒಳಬಟ್ಟೆ ಬರುವುದಿಲ್ಲ. ಬೇಕು ಅಂತ ಬರೆದು ಕೇಳಿದ ಮೇಲೇ ಬರುವುದು.

ಕೆಲಸ ಸಣ್ಣದಾಗಿರಲಿ. "ಸ್ವಲ್ಪ ನೋಡಿಕೊಳ್ಳಿ" ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ. "ಗುರುವಾರ ಹಾಲು ಕರೆದು ಡೈರಿಗೆ ಹಾಕಿ" ಅಂದರೆ ಎಂಟನೇ ಕ್ಲಾಸಿನ ಹುಡುಗನೂ ಮಾಡುತ್ತಾನೆ. ನಾನು ಬ್ಯಾಂಕಿಗೆ ಹೋದಾಗ ಇವರ ಹತ್ತಿರ ಕೂರಲು ಒಬ್ಬರು. ತೋಟದಿಂದ ಸೌದೆ ತಂದು ಒಡೆದು ಒಟ್ಟಲು ಒಬ್ಬರು. ಮೊಬೈಲ್ ಚಾರ್ಜ್ ಮಾಡಿಕೊಡಲು ಒಬ್ಬರು ಇದ್ದರು ಅಂದರೆ ನಗಬೇಡಿ. ಜೂನ್, ಜುಲೈನಲ್ಲಿ ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ. ಯುಪಿಎಸ್ ಇರುವ ಮನೆ ಯಾವುದು ಅಂತ ಆಗ ಗೊತ್ತಿರಬೇಕು.

ಗಾಡಿಯ ವಿಷಯ

ಕೊಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ತಲೆನೋವು ಗಾಡಿಯದೇ. ರೈಲು ಇಲ್ಲ. ದೊಡ್ಡ ಆಸ್ಪತ್ರೆಗೆ ಅಂದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ಸ್ವಲ್ಪ ಜಾಸ್ತಿ. ಡಯಾಲಿಸಿಸ್ ಹತ್ತಿರದಲ್ಲೇ ಸಿಕ್ಕಿದರೂ ಮಿಷನ್ ಮೇಲೆ ನಾಲ್ಕು ಗಂಟೆ. ಹೋಗುವುದು, ಕಾಯುವುದು, ಬರುವುದು ಸೇರಿದರೆ ಒಂದು ದಿನ ಪೂರ್ತಿ. ಅದೂ ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು ಸಲ. ಇಷ್ಟನ್ನು ಒಬ್ಬರ ತಲೆಗೆ ಕಟ್ಟಿದರೆ ಮೂರನೇ ವಾರಕ್ಕೆ ಅವರ ಗಾಡಿ ರಿಪೇರಿಗೆ ಹೋಗುತ್ತದೆ!

ಬಿಡುವಾಗ ಒಬ್ಬರು, ಕರೆತರುವಾಗ ಇನ್ನೊಬ್ಬರು ಅಂತ ಮಾಡಿ. ಹಾಲಿನ ಗಾಡಿ, ಕಾರ್ಮಿಕರನ್ನು ತರುವ ಪಿಕಪ್, ಮೇಷ್ಟ್ರ ಕಾರು, ಯಾವುದು ಹೇಗೂ ಪೇಟೆಗೆ ಹೋಗುತ್ತದೆ ನೋಡಿ. ಡೀಸೆಲ್ ದುಡ್ಡು ಕೊಡಿ. ಬೇಡ ಅಂದರೂ ಕೊಡಿ. ಇದರಲ್ಲಿ ನಾನು ಸ್ವಲ್ಪ ಖಡಕ್. ಪುಕ್ಕಟೆ ಸಹಾಯ ಒಂದೆರಡು ತಿಂಗಳು ನಡೆಯುತ್ತದೆ, ಖರ್ಚು ಕೊಟ್ಟ ಸಹಾಯ ವರ್ಷಗಟ್ಟಲೆ ನಡೆಯುತ್ತದೆ. ಕೇಳುವಾಗ ನಿಮಗೂ ತಲೆ ತಗ್ಗುವುದಿಲ್ಲ.

ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ಇರುತ್ತದೆ. ಆದ್ದರಿಂದ ಬೆಳಗಿನ ಸರದಿ ಕೊಡಿ ಅಂತ ಡಯಾಲಿಸಿಸ್ ಸೆಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ. ಕಾರಣ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ. ಸಂಜೆಯೇ ಸಿಕ್ಕಿತು ಅಂದರೆ ರಾತ್ರಿ ಉಳಿಯಲು ಪೇಟೆಯಲ್ಲಿ ಒಂದು ಮನೆ ಮೊದಲೇ ಗೊತ್ತುಮಾಡಿಕೊಳ್ಳಿ. ಮಳೆಗಾಲಕ್ಕೂ ಆ ಮನೆ ಬೇಕು. ಡಯಾಲಿಸಿಸ್ ತಪ್ಪಿಸುವ ಹಾಗಿಲ್ಲ. ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರಾಟಕ್ಕೇ ತೊಂದರೆಯಾಗುತ್ತದೆ. ಜೋರು ಮಳೆಯ ಮುನ್ಸೂಚನೆ ಬಂದರೆ ರಸ್ತೆ ಮುಚ್ಚುವವರೆಗೆ ಕಾಯದೆ ಹಿಂದಿನ ದಿನವೇ ಹೊರಟುಬಿಡಿ. ರಾತ್ರಿ ಹೆಚ್ಚುಕಮ್ಮಿ ಆದರೆ 108ಕ್ಕೆ ಫೋನ್ ಮಾಡುವುದರ ಜೊತೆಗೆ ಗಾಡಿ ಇರುವ ಇಬ್ಬರಿಗೂ ಫೋನ್ ಹೋಗಬೇಕು. ಆಂಬುಲೆನ್ಸ್ ಮೇನ್ ರೋಡಿಗೆ ಬರುತ್ತದೆ, ಕೆಸರಿನ ತೋಟದ ರಸ್ತೆ ಇಳಿಯಲು ಜೀಪೇ ಬೇಕು.

ನೋಡಲು ಬರುವವರಿಗೆ

ನಮ್ಮಲ್ಲಿ ಬರಿಗೈಲಿ ಯಾರೂ ಬರುವುದಿಲ್ಲ. ಎಳನೀರು, ಬಾಳೆಹಣ್ಣು, ಸೀಸನ್ನಲ್ಲಿ ಕಿತ್ತಳೆ. ಮೂರೂ ಡಯಾಲಿಸಿಸ್‌ನವರಿಗೆ ಆಗದು. ಅವುಗಳಲ್ಲಿ ಪೊಟ್ಯಾಸಿಯಂ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಪ್ರೀತಿಯಿಂದ ತಂದದ್ದನ್ನು ಬೇಡ ಅನ್ನುವುದು ರೋಗಿಗೂ ಕಷ್ಟ, ನಮಗೂ ಕಷ್ಟ. ಅದಕ್ಕೆ ನಮ್ಮ ಅಕ್ಕ ಎಲ್ಲರಿಗೂ ಫೋನಿನಲ್ಲೇ ಹೇಳಿಬಿಟ್ಟರು: "ತರುವುದಾದರೆ ಮೊಟ್ಟೆ ತನ್ನಿ." ಡಾಕ್ಟರು ಮೊಟ್ಟೆಯ ಬಿಳಿ ಭಾಗ ತಿನ್ನಿ ಅಂದಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಮೊಟ್ಟೆಗೆ ಬರವಿರಲಿಲ್ಲ, ಕೋಳಿ ಸಾಕುವವರಿಗಿಂತ ನಮ್ಮಲ್ಲೇ ಜಾಸ್ತಿ ಇತ್ತು.

ಕಾಫಿಯೂ ಲೆಕ್ಕವೇ. ದಿನಕ್ಕೆ ಇಷ್ಟೇ ನೀರು ಅಂತ ಡಾಕ್ಟರು ಅಳತೆ ಹೇಳಿರುತ್ತಾರೆ. ಕಾಫಿ, ಗಂಜಿ, ಸಾರು ಎಲ್ಲ ಅದರೊಳಗೇ ಬರಬೇಕು. ಬಂದವರ ಜೊತೆ ಒಂದೊಂದು ಲೋಟ ಕುಡಿದರೆ ಸಂಜೆಗೆ ಕಾಲು ಊದಿಕೊಳ್ಳುತ್ತದೆ. ಅಡುಗೆ ಮಾಡಿ ಕಳಿಸುವವರಿಗೆ ಉಪ್ಪು ಕಮ್ಮಿ, ಉಪ್ಪಿನಕಾಯಿ ಬೇಡ, ತರಕಾರಿ ಬೇಯಿಸಿ ಆ ನೀರು ಚೆಲ್ಲಿ ಅಂತ ಬರೆದು ಕೊಡಿ. ಕೊಡಗಿನಲ್ಲಿ ಆಗಸ್ಟ್ 3ಕ್ಕೆ ಮದ್ದು ಸೊಪ್ಪು ಅನ್ನುವ ಗಿಡಮೂಲಿಕೆಯ ಪಾಯಸ ಮಾಡುತ್ತಾರೆ, ಅದು ಒಳ್ಳೆಯದು ಅಂತ ಯಾರಾದರೂ ತಂದೇ ತರುತ್ತಾರೆ. ಡಾಕ್ಟರನ್ನು ಕೇಳದೆ ಕೊಡಬೇಡಿ, ನೀವೇ ತಿನ್ನಿ.

ಇನ್ನೊಂದು. ಮಿಷನ್ನಿಗೆ ಸೂಜಿ ಹಾಕಲು ಕೈಯಲ್ಲಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಆ ಕೈಯನ್ನು ಹಿಡಿದು ಅದುಮಬಾರದು, ಅದರಲ್ಲಿ ಬಿಪಿ ನೋಡಬಾರದು, ಭಾರ ಎತ್ತಿಸಬಾರದು. ನಮ್ಮ ಜನಕ್ಕೆ ಸಮಾಧಾನ ಹೇಳುವಾಗ ಕೈ ಹಿಡಿಯುವ ಅಭ್ಯಾಸ. ಯಾವ ಕೈ ಅಂತ ಮೊದಲೇ ಹೇಳಿಬಿಡಿ. ಶೀತ, ಜ್ವರ ಇದ್ದವರು ಬರುವುದೇ ಬೇಡ.

ಕೆಲವರು ಬರೀ ಕೆಟ್ಟ ಕಥೆ ಹೇಳುತ್ತಾರೆ. ಅವರ ಸಂಬಂಧಿಕರಿಗೆ ಹೀಗೇ ಆಗಿತ್ತು, ಆರು ತಿಂಗಳೂ ಬದುಕಲಿಲ್ಲ ಅಂತ. ಅಂಥವರಿಗೆ ತೋಟದ ಕೆಲಸ ಕೊಡಿ.

ರೋಗಿಗೂ ಏನಾದರೂ ಕೆಲಸ ಬೇಕು ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ. ನಮ್ಮವರು ಊರಿನವರ ಅರ್ಜಿ ಬರೆದುಕೊಡುತ್ತಿದ್ದರು. ಲೈನ್ ಮನೆಯ ಕೂಲಿಯವರು ರೇಷನ್ ಕಾರ್ಡಿಗೆ, ಮಗುವಿನ ಶಾಲೆಗೆ ಅಂತ ಬರುತ್ತಿದ್ದರು. ಅವರೇ ಸೌದೆ ಒಡೆದು ಹೋಗುತ್ತಿದ್ದರು. ಬರೀ ಸಹಾಯ ತೆಗೆದುಕೊಳ್ಳುತ್ತಾ ಮಲಗಿದ್ದರೆ ಮನುಷ್ಯ ಕುಗ್ಗಿಹೋಗುತ್ತಾನೆ, ಅಲ್ವಾ?

ದುಡ್ಡು

ಮೊದಲು ಸರ್ಕಾರದ್ದು, ಆಮೇಲೆ ಊರಿನದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಒಂದು ಪಾಲು ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತೆಗೆದುಕೊಂಡೇ ದೊಡ್ಡ ಆಸ್ಪತ್ರೆಗೆ ಹೋಗಿ. ನೇರ ಹೋಗಿ ಅಡ್ಮಿಟ್ ಆಗಿ, ಆಮೇಲೆ ಚೀಟಿಗೆ ಓಡಾಡಿದವರನ್ನು ತುಂಬ ನೋಡಿದ್ದೇನೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಿಪಿಎಲ್‌ನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತ. ಕಾಗದದ ಕೆಲಸಕ್ಕೆ ಕಂಪ್ಯೂಟರ್ ಗೊತ್ತಿರುವ ಒಬ್ಬ ಹುಡುಗನನ್ನು ಹಚ್ಚಿ. ಊರಿನಿಂದ ಹಣ ಎತ್ತಿದರೆ ಲೆಕ್ಕವನ್ನು ಕೊಟ್ಟವರಿಗೆಲ್ಲ ತೋರಿಸಿ. ಸಂಘದ ಸಾಲವನ್ನು ಕೊನೆಗೆ ಇಟ್ಟುಕೊಳ್ಳಿ.

ಸಾವಿನ ನಂತರ

ನಮ್ಮ ಊರಲ್ಲಿ ಕೊಡವರ ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಈಗ ವಾಟ್ಸಾಪ್ ಗುಂಡಿಗಿಂತ ಬೇಗ. ಹೇಗಾದರೂ ಆ ಕೆಲವು ದಿನ ಊರು ತುಂಬಿರುತ್ತದೆ, ಅದರ ಬಗ್ಗೆ ನಾನು ಹೇಳಬೇಕಾದ್ದಿಲ್ಲ. ತಿಥಿ ಮುಗಿದು ಪೆಂಡಾಲ್ ಬಿಚ್ಚಿದ ಮೇಲೆ ಶುರುವಾಗುವುದು ಕಷ್ಟ. ನೋಟ್‌ಬುಕ್ ಅಲ್ಲಿಗೆ ಮುಚ್ಚಬೇಡಿ. ಹೊಸ ಪುಟ ಹಾಕಿ.

ಆ ಪುಟದ ಮೊದಲ ಸಾಲುಗಳು ಕಚೇರಿ ಕೆಲಸ. 21 ದಿನದೊಳಗೆ ಮರಣ ನೋಂದಣಿ ಆಗಬೇಕು. ಪ್ರಮಾಣಪತ್ರದ ಪ್ರತಿ ಜಾಸ್ತಿಯೇ ತೆಗೆದುಕೊಳ್ಳಿ. ಹೋದವರ ಬ್ಯಾಂಕ್ ಪಾಸ್‌ಬುಕ್ ತೆರೆದು ವರ್ಷಕ್ಕೊಮ್ಮೆ 436 ರೂಪಾಯಿ ಕಟ್ ಆಗಿದೆಯಾ ನೋಡಿ. ಆಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ, ನಾಮಿನಿಗೆ 2 ಲಕ್ಷ ಬರುತ್ತದೆ. ವಯಸ್ಸು 55 ದಾಟಿದವರಿಗೆ ಇಲ್ಲ, ನಮಗೂ ಬರಲಿಲ್ಲ. ಆದರೆ ಕೆಳಗಿನ ಮನೆಯ ಹುಡುಗಿಗೆ ಗಂಡ ಹೋದಾಗ ಪಾಸ್‌ಬುಕ್ ನೋಡಿ ಹೇಳಿದ್ದಕ್ಕೆ ಸಿಕ್ಕಿತು. ಪೌತಿ ಖಾತೆ (ಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ವಂಶವೃಕ್ಷಕ್ಕೆ ನಾಡಕಚೇರಿಗೆ ಒಬ್ಬಳೇ ಹೆಂಗಸನ್ನು ಕಳಿಸಬೇಡಿ. ಜೊತೆಗೆ ಒಬ್ಬರು ಹೋದರೆ ಕೆಲಸವೂ ಬೇಗ ಆಗುತ್ತದೆ, ದಾರಿಯಲ್ಲಿ ಮಾತಿಗೂ ಜನ ಇರುತ್ತದೆ.

ಹೊತ್ತು ಮುಳುಗುವಾಗ ಮನೆ ತುಂಬ ದೊಡ್ಡದಾಗುತ್ತದೆ. ಆ ಹೊತ್ತಿಗೆ ಬರುವವರೇ ಬೇಕಾದವರು. ಪಕ್ಕದ ತೋಟದ ಅಕ್ಕ ಹೆಣೆಯುವ ಉಲ್ಲನ್ ತಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಮಾತು ಕಮ್ಮಿ. "ಅಳಬೇಡ" ಅಂತ ಒಂದು ದಿನವೂ ಹೇಳಲಿಲ್ಲ. ಹೋದವರ ಹೆಸರು ಎತ್ತಲು ಜನ ಹೆದರುತ್ತಾರೆ, ಹೆದರಬೇಡಿ. "ನಿಮ್ಮ ಯಜಮಾನ್ರು ಇದ್ದಿದ್ರೆ ಈ ಅರ್ಜಿ ಎರಡು ನಿಮಿಷದಲ್ಲಿ ಬರೀತಿದ್ರು" ಅಂತ ಯಾರಾದರೂ ಅಂದರೆ ನನಗೆ ಈಗಲೂ ಖುಷಿ. ಊಟ, ನಿದ್ದೆ ಬಿಟ್ಟು ತಿಂಗಳಾನುಗಟ್ಟಲೆ ಹಾಗೇ ಇದ್ದರೆ, ಬದುಕುವುದೇ ಬೇಡ ಅನ್ನುವ ಮಾತು ಬಂದರೆ, ಅಕ್ಕಪಕ್ಕದವರ ಸಮಾಧಾನ ಸಾಲದು. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಗಡಿಯಾಚೆ ಕೇರಳದಲ್ಲಿ ಇದನ್ನೆಲ್ಲ ಒಂದು ವ್ಯವಸ್ಥೆಯನ್ನೇ ಮಾಡಿದ್ದಾರೆ. 1993ರಲ್ಲಿ ಕೋಝಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಪ್ಯಾಲಿಯೇಟಿವ್ ಕೇರ್, ಅಂದರೆ ದೊಡ್ಡ ಕಾಯಿಲೆಯವರ ನೋವು ಕಮ್ಮಿ ಮಾಡುವ ಆರೈಕೆಯ ಒಂದು ಸಣ್ಣ ಕ್ಲಿನಿಕ್ ಆಗಿ ಶುರುವಾಗಿ, ಆಮೇಲೆ ಮಲಪ್ಪುರಂ ಕಡೆ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು ನರ್ಸ್ ಜೊತೆ ಮನೆ ಮನೆಗೆ ಹೋಗುವ ಹಾಗೆ ಆಯಿತು. ನಮ್ಮ ಪಂಚಾಯಿತಿಗಳೂ ಒಮ್ಮೆ ಹೋಗಿ ನೋಡಿಬಂದರೆ ಒಳ್ಳೆಯದು. ಟೂರಿಗೆ ಅಂತ ಎಲ್ಲೆಲ್ಲೋ ಹೋಗುತ್ತಾರಲ್ಲ.

ಕೊನೆಗೆ ತೋಟ. ಕೊಡಗಿನಲ್ಲಿ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ. ರೋಬಸ್ಟಾಗೆ ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಅರಳಲು ನೀರು ಬೀಳಬೇಕು. ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು, ಕೆಲವು ವಾರ ಬಿಟ್ಟು ಕಾಯಿ ಕಟ್ಟಲು ಇನ್ನೊಮ್ಮೆ ನೀರು, ಅದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ಅದು ತಪ್ಪಿದರೆ ಮುಂದಿನ ವರ್ಷದ ಫಸಲೇ ಹೋಯಿತು. ಮನೆಯಲ್ಲಿ ಸಾವಾದ ವರ್ಷ ಪಂಪ್‌ಸೆಟ್ ಇಳಿಸುವವರು, ಪೈಪು ಬದಲಿಸುವವರು ಯಾರು? ನೋಟ್‌ಬುಕ್‌ನಲ್ಲಿ ಮೊದಲೇ ಹೆಸರು ಬರೆಸಿ. ಕೊಯ್ಲಿಗೆ ಆಳು ಕರೆತರಲು ಒಬ್ಬರು, ಕಣದಲ್ಲಿ ಒಣಗಲು ಹಾಕಿದ ಕಾಫಿಗೆ ರಾತ್ರಿ ಕಾವಲಿಗೆ ಇಬ್ಬರು. ಕಾಫಿ ಮಾರುವಾಗ ಮನೆ ಬಾಗಿಲಿಗೆ ಬಂದ ಮೊದಲ ವ್ಯಾಪಾರಿಗೆ ಕೊಡಬೇಡಿ. ಗಂಡಸಿಲ್ಲದ ಮನೆ ಅಂತ ರೇಟು ಇಳಿಸಿ ಕೇಳುವವರು ಇದ್ದಾರೆ. ಅಕ್ಕಪಕ್ಕದವರು ಮಾರುವ ದಿನವೇ ನಿಮ್ಮ ಚೀಲಗಳೂ ಅದೇ ಲಾರಿಗೆ ಹತ್ತಲಿ, ಅದೇ ರೇಟಿಗೆ. ತೂಕ ಹಾಕುವಾಗ ನೀವೂ ಹೋಗಿ ನಿಂತುಕೊಳ್ಳಿ.