ಮೊದಲು ಗಡಿ, ಆಮೇಲೆ ಊರು: ಒಬ್ಬರೇ ಆಗ್ನೇಯ ಏಷ್ಯಾ ಸುತ್ತಲು ತಯಾರಿ

ಬೆನ್ನಿಗೊಂದು ಚೀಲ ಹಾಕಿಕೊಂಡು ಮೊದಲ ಸಲ ಒಬ್ಬರೇ ದೇಶ ಸುತ್ತಲು ಹೊರಡುವವರು ಸಾಮಾನ್ಯವಾಗಿ ಊರುಗಳ ಪಟ್ಟಿಯಿಂದ ಶುರುಮಾಡುತ್ತಾರೆ. ಊರುಗಳ ವಿಷಯದಲ್ಲಿ ಯಾರೂ ಎಡವುವುದಿಲ್ಲ, ಎಡವುವುದು ಗಡಿಯಲ್ಲಿ. ವೀಸಾದಲ್ಲಿ ಬರೆದ ಚೆಕ್‌ಪೋಸ್ಟ್ ಒಂದು, ಬಸ್ಸು ತಂದು ಇಳಿಸಿದ್ದು ಇನ್ನೊಂದು. ವಾಪಸ್ ಕಳಿಸುತ್ತಾರೆ, ಅಷ್ಟೆ. ಆದ್ದರಿಂದ ಲೆಕ್ಕವನ್ನು ತಿರುಗಿಸಿ ಹಾಕಿ: ಮೊದಲು ಹವೆ, ಆಮೇಲೆ ಗಡಿ, ಆಮೇಲೆ ದುಡ್ಡು. ಊರು ಕೊನೆಗೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಬೆಂಗಳೂರಿನಿಂದ ಹೊರಟು ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ ನೋಡಿ ಬರುವ 60 ದಿನಗಳ ದಾರಿ. ಥಾಯ್ಲೆಂಡಿಗೆ 12 ದಿನ, ಲಾವೋಸ್‌ಗೆ 12, ವಿಯೆಟ್ನಾಂಗೆ 24, ಕಾಂಬೋಡಿಯಾಕ್ಕೆ 8. ಉಳಿದ ನಾಲ್ಕು ದಿನ ಖಾಲಿ ಬಿಡಿ. ಜ್ವರ ಬರುತ್ತದೆ, ಬಸ್ಸು ತಪ್ಪುತ್ತದೆ, ಒಂದೂರು ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಆ ನಾಲ್ಕು ದಿನ ಅದಕ್ಕೇ.

ಯಾವಾಗ ಹೊರಡಬೇಕು

ನವೆಂಬರ್ ಕೊನೆಯ ವಾರ. ಅಷ್ಟರಲ್ಲಿ ಥಾಯ್ಲೆಂಡ್ ಮತ್ತು ಲಾವೋಸ್‌ನ ಮಳೆ ಮುಗಿದಿರುತ್ತದೆ, ಮೆಕಾಂಗ್ ನದಿಯಲ್ಲಿ ದೋಣಿ ಸಾಗುವಷ್ಟು ನೀರು ಧಾರಾಳವಾಗಿ ಇರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್ ಮತ್ತು ಉತ್ತರ ಲಾವೋಸ್‌ನಲ್ಲಿ ಹೊಲ, ಕಾಡು ಸುಡುವ ಹೊಗೆ ಕವಿಯುತ್ತದೆ. ಎದುರಿನ ಬೆಟ್ಟವೂ ಕಾಣದಂಥ ದಿನಗಳಿರುತ್ತವೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ಮಾರ್ಚ್‌ನಲ್ಲಿ ಹೋಗುವವರು ಇದನ್ನು ಅಲ್ಲಿ ಇಳಿದ ಮೇಲೆ ತಿಳಿದುಕೊಳ್ಳುತ್ತಾರೆ. ವಿಯೆಟ್ನಾಂ ಉದ್ದದ ದೇಶ, ಒಂದೇ ಹವೆ ಇಲ್ಲ. ನಡುವಿನ ಹುಯೆ, ಹೋಯ್ ಆನ್ ಕಡೆ ಅಕ್ಟೋಬರ್–ನವೆಂಬರ್‌ನಲ್ಲಿ ನೆರೆ ಬರುತ್ತದೆ. ಮೇಲಿನ ಲೆಕ್ಕದಲ್ಲಿ ನೀವು ಅಲ್ಲಿಗೆ ಮುಟ್ಟುವುದು ಡಿಸೆಂಬರ್ ಕೊನೆಗೆ: ಜಿಟಿಜಿಟಿ ಮಳೆ ಇರಬಹುದು, ನೆರೆಯ ಕಾಲ ಮುಗಿದಿರುತ್ತದೆ. ಹನೋಯ್‌ನಲ್ಲಿ ಆಗ ಚಳಿ. ಒಂದು ಸ್ವೆಟರ್ ಬೇಕೇ ಬೇಕು.

ಇನ್ನೊಂದು ದಿನಾಂಕ ಟೆಟ್, ಅಂದರೆ ವಿಯೆಟ್ನಾಮೀಯರ ಯುಗಾದಿ. 2027ರಲ್ಲಿ ಅದು ಫೆಬ್ರವರಿ 6ಕ್ಕೆ. ದೇಶವೇ ಊರಿಗೆ ಹೊರಡುವುದರಿಂದ ರೈಲು, ಬಸ್ಸು ತುಂಬಿರುತ್ತವೆ, ಅಂಗಡಿ ಹೋಟೆಲು ಬಾಗಿಲು ಹಾಕಿರುತ್ತವೆ. ಹಬ್ಬಕ್ಕೆ ಎರಡು ವಾರ ಮುಂಚೆಯೇ ವಿಯೆಟ್ನಾಂ ದಾಟಿರಿ.

ಪಾಸ್‌ಪೋರ್ಟಿನಲ್ಲಿ ಹೆಸರು

ಕೊನೆಯ ದೇಶಕ್ಕೆ ಕಾಲಿಡುವ ದಿನಕ್ಕೆ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು, ಖಾಲಿ ಪುಟ ನಾಲ್ಕಾದರೂ ಇರಬೇಕು. ಲಾವೋಸ್, ಕಾಂಬೋಡಿಯಾಗಳಲ್ಲಿ ವೀಸಾ ಚೀಟಿಯೇ ಒಂದೊಂದು ಪುಟ ನುಂಗುತ್ತದೆ.

ನಮ್ಮವರಿಗೆ ಇರುವ ತೊಡಕು ಬೇರೆಯದು. ಅಪ್ಪನ ಹೆಸರು ಅಥವಾ ಊರಿನ ಹೆಸರು ಇನಿಷಿಯಲ್ ಆಗಿ ಮಾತ್ರ ಇರುವ ಕನ್ನಡಿಗರು ಬಹಳ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ವೀಸಾ ಅರ್ಜಿ ತುಂಬುವಾಗ ಆಧಾರ್ ನೋಡಬೇಡಿ. ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತದಲ್ಲ, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ತುಂಬಿ. ದುಬೈ ಮೂಲಕ ಇನ್ನೂ ಮುಂದೆ ಹೋಗುವ ಆಸೆ ಇದ್ದರೆ ಇದು ಇನ್ನೂ ಮುಖ್ಯ: ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರ್‌ನಲ್ಲೇ ಹೇಳಿತು, ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಹೆಸರು ಇದ್ದವರಿಗೆ ಸಡಿಲಿಸಿತು. ಹೆಸರು ಸರಿಪಡಿಸಲು ಪಾಸ್‌ಪೋರ್ಟನ್ನು ಮರುವಿತರಣೆಗೇ ಹಾಕಬೇಕು. ಹಾಗಾಗಿ ಈ ಕೆಲಸ ಹೊರಡುವ ಮೂರು ತಿಂಗಳ ಮುಂಚೆ ಆಗಲಿ.

ನಾಲ್ಕು ಗಡಿ, ನಾಲ್ಕು ಬಗೆ

ವೀಸಾ ನಿಯಮಗಳನ್ನು ಎರಡು ಸಲ ನೋಡಿ: ಟಿಕೆಟ್ ಕೊಳ್ಳುವ ಮುಂಚೆ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ. ಆಯಾ ದೇಶದ ಸರ್ಕಾರಿ ಜಾಲತಾಣ ಬಿಟ್ಟು ಬೇರೆಲ್ಲೂ ದುಡ್ಡು ಕಟ್ಟಬೇಡಿ. ಹುಡುಕಿದಾಗ ಮೊದಲು ಕಾಣುವುದು ಹೆಚ್ಚಾಗಿ ಜಾಹೀರಾತು ಕೊಟ್ಟ ದಲ್ಲಾಳಿಗಳ ತಾಣ.

ಥಾಯ್ಲೆಂಡ್ 2023ರ ನವೆಂಬರ್‌ನಿಂದ ಭಾರತೀಯರನ್ನು ವೀಸಾ ಇಲ್ಲದೆ ಬಿಟ್ಟುಕೊಂಡಿತು, 2024ರ ಜುಲೈಯಲ್ಲಿ ಅವಧಿಯನ್ನು 60 ದಿನಕ್ಕೆ ಏರಿಸಿತು. ಆ ಅವಧಿಯನ್ನು ಇಳಿಸುವ ಮಾತೂ ನಡೆದಿತ್ತು, ಈಗಿನ ನಿಯಮ ನೋಡಿಕೊಳ್ಳಿ. 2025ರ ಮೇ 1ರಿಂದ ಡಿಜಿಟಲ್ ಆಗಮನ ಚೀಟಿ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ತುಂಬಬೇಕು, ಇದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳಿದರೆ ಅದು ನಕಲಿ ತಾಣ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹಲವು ವಿಮಾನಗಳು ನಡುರಾತ್ರಿ ಕಳೆದ ಮೇಲೆ ಏಳುತ್ತವೆ. ಶುಕ್ರವಾರ ರಾತ್ರಿ ಎಂದುಕೊಂಡದ್ದು ಕ್ಯಾಲೆಂಡರಿನಲ್ಲಿ ಶನಿವಾರವಾಗಿರುತ್ತದೆ. ಚೀಟಿಯಲ್ಲಿ ತಪ್ಪು ದಿನಾಂಕ ಬೀಳುವುದೂ, ವಿಮಾನವೇ ತಪ್ಪುವುದೂ ಇಲ್ಲೇ. ಚೆಕ್‌ಇನ್ ಕೌಂಟರಿನಲ್ಲಿ ಥಾಯ್ಲೆಂಡ್ ಬಿಡುವ ಟಿಕೆಟ್ ಕೇಳಬಹುದು. ಬಸ್ಸಿನಲ್ಲಿ ಲಾವೋಸ್‌ಗೆ ಹೋಗುತ್ತೇನೆ ಎಂದರೆ ಒಪ್ಪುತ್ತಾರೆಂಬ ಖಾತ್ರಿ ಇಲ್ಲ. ಕಾಂಬೋಡಿಯಾದ ಸಿಯೆಮ್ ರೀಪ್‌ನಿಂದ ಬೆಂಗಳೂರಿಗೆ ವಾಪಸ್ ಟಿಕೆಟ್ ಮೊದಲೇ ಕೊಂಡಿಟ್ಟಿರಿ, ಜೊತೆಗೆ ಉಳಿದ ದೇಶಗಳ ವೀಸಾ ಮುದ್ರಿಸಿ ಇಟ್ಟುಕೊಳ್ಳಿ.

ಲಾವೋಸ್ ಗಡಿಯಲ್ಲೇ ವೀಸಾ ಕೊಡುತ್ತದೆ. 40–50 ಡಾಲರ್ ನಗದು, ಒಂದು ಫೋಟೋ. ಡಾಲರ್ ಬದಲು ಥಾಯ್ಲೆಂಡಿನ ಹಣ ಬಾತ್ ಕೊಟ್ಟರೆ ಹೆಚ್ಚಿಗೆ ಬೀಳುತ್ತದೆ. ಮಡಚಿದ, ಗೀಚಿದ, ಅಂಚು ಹರಿದ ನೋಟು ಮುಟ್ಟುವುದಿಲ್ಲ. ಡಾಲರ್ ಕೊಳ್ಳುವಾಗಲೇ ಗರಿಗರಿ ನೋಟು ಕೇಳಿ, ಪುಸ್ತಕದ ನಡುವೆ ಇಟ್ಟು ಒಯ್ಯಿರಿ.

ವಿಯೆಟ್ನಾಂಗೆ ಇ-ವೀಸಾ: ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50, ಗರಿಷ್ಠ 90 ದಿನ. ಅರ್ಜಿಯಲ್ಲಿ ಒಳಹೋಗುವ ಮತ್ತು ಹೊರಬರುವ ತಾಣಗಳನ್ನು ಆರಿಸಬೇಕು. ಹನೋಯ್‌ಗೆ ವಿಮಾನದಲ್ಲಿ ಇಳಿದರೆ ನೋಯ್ ಬಾಯ್, ಲಾವೋಸ್‌ನಿಂದ ದಿಯೆನ್ ಬಿಯೆನ್ ಫು ಕಡೆ ಬಸ್ಸಿನಲ್ಲಿ ಹೋದರೆ ತಾಯ್ ಚಾಂಗ್. ಮೂರು ಕೆಲಸದ ದಿನ ಎನ್ನುತ್ತಾರೆ, ಎರಡು ವಾರ ಇಟ್ಟುಕೊಳ್ಳಿ. ಹುಟ್ಟಿದ ದಿನಾಂಕದಲ್ಲೋ ಪಾಸ್‌ಪೋರ್ಟ್ ಸಂಖ್ಯೆಯಲ್ಲೋ ಒಂದಂಕಿ ತಪ್ಪಿದರೂ ವೀಸಾ ಕೆಲಸಕ್ಕೆ ಬಾರದು. ಮತ್ತೆ ದುಡ್ಡು ಕಟ್ಟಿ ಹೊಸದಾಗಿ ಅರ್ಜಿ ಹಾಕಬೇಕು. ಸೊನ್ನೆಯನ್ನು ಇಂಗ್ಲಿಷಿನ 'ಓ' ಅಕ್ಷರವೆಂದು ತುಂಬುವುದು ಹಳೆಯ ತಪ್ಪು.

ಕಾಂಬೋಡಿಯಾದ ಪ್ರವಾಸಿ ವೀಸಾ 30 ಡಾಲರ್. ಹೋ ಚಿ ಮಿನ್ ಸಿಟಿಯಿಂದ ನೋಮ್ ಪೆನ್‌ಗೆ ಹೋಗುವ ಬಸ್ಸಿನ ಸಹಾಯಕ ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿ ಮೇಲೆ ಕೆಲವು ಡಾಲರ್ ಕೇಳುತ್ತಾನೆ. ಆ ದಾರಿಯ ಬವೆಟ್ ಗಡಿಯಲ್ಲಿ ಇ-ವೀಸಾ ನಡೆಯುತ್ತದೆ, ಮೊದಲೇ ಮಾಡಿಸಿಕೊಂಡರೆ ಆ ರಗಳೆ ಇಲ್ಲ. ಹಿಂದೆ ಎಲ್ಲರೂ ಬ್ಯಾಂಕಾಕ್‌ನಿಂದ ಪೊಯ್‌ಪೆಟ್ ಮೂಲಕ ಸಿಯೆಮ್ ರೀಪ್‌ಗೆ ಬಸ್ಸಿನಲ್ಲಿ ಹೋಗುತ್ತಿದ್ದರು. 2025ರಲ್ಲಿ ಥಾಯ್ಲೆಂಡ್–ಕಾಂಬೋಡಿಯಾ ನಡುವೆ ಗುಂಡಿನ ಕಾಳಗ ನಡೆದು ಭೂಗಡಿ ಮುಚ್ಚಿತು. ಹಳೆಯ ಮಾರ್ಗದರ್ಶಿಗಳಲ್ಲಿ ಇನ್ನೂ ಆ ದಾರಿಯೇ ಇದೆ. ನಂಬಬೇಡಿ, ಈ ಸುತ್ತಿನಲ್ಲಿ ಕಾಂಬೋಡಿಯಾ ಕೊನೆಗೆ ಬಂದಿರುವುದು ಅದಕ್ಕೇ.

ದಾರಿ

ಬ್ಯಾಂಕಾಕ್‌ನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲು. ದೂರದ ರೈಲುಗಳು 2023ರ ಜನವರಿಯಿಂದ ಹಳೆಯ ಹುವಾ ಲಂಫೋಂಗ್ ಬಿಟ್ಟು ಕ್ರುಂಗ್ ಥೆಪ್ ಅಪಿವಾತ್ ನಿಲ್ದಾಣದಿಂದ ಹೊರಡುತ್ತವೆ. ಎರಡನೇ ದರ್ಜೆಯ ಎಸಿ ಸ್ಲೀಪರಿನಲ್ಲಿ ಕೆಳಗಿನ ಬರ್ತ್ ಅಗಲ, ಸ್ವಲ್ಪ ದುಬಾರಿ. ಚಿಯಾಂಗ್ ರಾಯ್ ಮೂಲಕ ಚಿಯಾಂಗ್ ಖೋಂಗ್, ಸೇತುವೆ ದಾಟಿದರೆ ಲಾವೋಸ್‌ನ ಹುವಾಯ್ ಸಾಯ್. ಅಲ್ಲಿಂದ ಎರಡು ದಿನದ ನಿಧಾನದ ದೋಣಿ, ರಾತ್ರಿ ಪಾಕ್‌ಬೆಂಗ್‌ನಲ್ಲಿ ತಂಗಿ, ಮಾರನೆಯ ಸಂಜೆ ಲುವಾಂಗ್ ಪ್ರಬಾಂಗ್. ಬೆಳಿಗ್ಗೆ ಗಡಿ ದಾಟಿ ಅಂದೇ ದೋಣಿ ಹಿಡಿಯುವ ಸಾಹಸ ಬೇಡ, ಹಿಂದಿನ ರಾತ್ರಿ ಹುವಾಯ್ ಸಾಯ್‌ನಲ್ಲೇ ಮಲಗಿ. ದೋಣಿಯ ಹಿಂಭಾಗದಲ್ಲಿ ಎಂಜಿನ್ ಇರುತ್ತದೆ, ಎರಡು ದಿನ ಕಿವಿ ಗುಂಯ್ಗುಡುತ್ತದೆ. ಮುಂದಿನ ಸೀಟಿಗೆ ಬೇಗ ಹೋಗಿ. ಇದೇ ನದಿಯಲ್ಲಿ ವೇಗದ ದೋಣಿಗಳೂ ಓಡುತ್ತವೆ. ಬಂಡೆಗೆ ತಗುಲಿ ಮಗುಚುತ್ತವೆ, ಹತ್ತಬೇಡಿ.

ಲುವಾಂಗ್ ಪ್ರಬಾಂಗ್‌ನಿಂದ ವಿಯೆಂಟಿಯಾನ್‌ಗೆ 2021ರ ಡಿಸೆಂಬರ್‌ನಲ್ಲಿ ಶುರುವಾದ ಲಾವೋಸ್–ಚೀನಾ ರೈಲಿನಲ್ಲಿ ಸುಮಾರು ಎರಡು ಗಂಟೆ. ನಿಲ್ದಾಣ ಊರಾಚೆ ಇದೆ. ತಪಾಸಣೆಯಲ್ಲಿ ಚಾಕು, ಕತ್ತರಿ, ಸ್ಪ್ರೇ ಡಬ್ಬಿ ಕಿತ್ತುಕೊಳ್ಳುತ್ತಾರೆ. ಲಾವೋಸ್‌ನಿಂದ ಹನೋಯ್‌ಗೆ ನೇರ ಬಸ್ಸೂ ಇದೆ: ಹೆಚ್ಚುಕಡಿಮೆ 24 ಗಂಟೆ, ಘಟ್ಟದ ರಸ್ತೆ, ನಡುಹಾದಿಯಲ್ಲೂ ಮೂಟೆ, ಜನ. ಮೊದಲ ಪ್ರವಾಸಕ್ಕೆ ವಿಮಾನವೇ ಲೇಸು. ಬಸ್ಸಿನಲ್ಲಿ ಉಳಿಸಿದ ದುಡ್ಡು ಮರುದಿನದ ಸುಸ್ತಿಗೇ ಹೋಗುತ್ತದೆ.

ವಿಯೆಟ್ನಾಂನಲ್ಲಿ ಹನೋಯ್‌ನಿಂದ ಹೋ ಚಿ ಮಿನ್ ಸಿಟಿಗೆ ರೈಲುದಾರಿ 1,726 ಕಿ.ಮೀ. ಒಂದೇ ಸಲ ಕೂರಬೇಡಿ. ನಿಂ ಬಿನ್, ಹುಯೆ, ದಾನಾಂಗ್ ಎಂದು ಮುರಿದು ಹೋಗಿ. ಹುಯೆ–ದಾನಾಂಗ್ ತುಂಡು ಹಾಯ್ ವಾನ್ ಘಟ್ಟದಲ್ಲಿ ಸಮುದ್ರದ ಅಂಚಿಗೇ ಓಡುತ್ತದೆ, ಅದನ್ನು ಹಗಲಿಗೇ ಇಟ್ಟುಕೊಳ್ಳಿ.

ಕಾಂಬೋಡಿಯಾದಲ್ಲಿ ಸಿಯೆಮ್ ರೀಪ್ ಬಳಿಯ ಅಂಕೋರ್ ದೇವಾಲಯಗಳನ್ನು ನೋಡುವ ಪಾಸ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಸಂಜೆ ಐದರ ಹೊತ್ತಿಗೆ ಕೊಂಡರೆ ಮರುದಿನದ ಪಾಸ್ ಸಿಗುತ್ತದೆ, ಅಂದಿನ ಸೂರ್ಯಾಸ್ತಕ್ಕೂ ಒಳಗೆ ಬಿಡುತ್ತಾರೆ. ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು 50 ಕಿ.ಮೀ.; ಅದನ್ನು ಮರೆತು ವಿಮಾನ ತಪ್ಪಿಸಿಕೊಳ್ಳಬೇಡಿ.

ದುಡ್ಡು

ಡಾರ್ಮಿಟರಿ ಹಾಸಿಗೆ, ಬೀದಿಬದಿಯ ಊಟ, ಸ್ಥಳೀಯ ಬಸ್ಸು ಎಂದು ಹಿಡಿದರೆ ದಿನಕ್ಕೆ 2,000–2,500 ರೂಪಾಯಿ ಇಟ್ಟುಕೊಳ್ಳಿ. ವಿಮಾನ, ವೀಸಾ, ಅಂಕೋರ್ ಇದರಾಚೆ.

ಬ್ಯಾಂಕಿನ ಹೊಸ ಕಾರ್ಡುಗಳಲ್ಲಿ ವಿದೇಶ ಬಳಕೆ ಮುಚ್ಚಿಯೇ ಇರುತ್ತದೆ, ಆ್ಯಪ್‌ನಲ್ಲಿ ತೆರೆಯಿರಿ. ಎರಡು ಬೇರೆ ಬ್ಯಾಂಕಿನ ಕಾರ್ಡು, ಎರಡು ಬೇರೆ ಜಾಗದಲ್ಲಿ. ಥಾಯ್ಲೆಂಡಿನ ಎಟಿಎಂಗಳು ವಿದೇಶಿ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಇನ್ನೂ ಹೆಚ್ಚು ಹಿಡಿಯುತ್ತವೆ. ಮೂರು ಸಲ ಸಣ್ಣದಾಗಿ ತೆಗೆಯುವ ಬದಲು ಒಂದೇ ಸಲ ದೊಡ್ಡದಾಗಿ ತೆಗೆಯಿರಿ. ಯಂತ್ರ 'ರೂಪಾಯಿಯಲ್ಲಿ ಹಿಡಿಯಲೇ' ಎಂದು ಕೇಳಿದರೆ ಬೇಡವೆನ್ನಿ, ಆ ದರ ಯಾವಾಗಲೂ ನಷ್ಟದ್ದೇ. ಒಟಿಪಿ ಬರುವುದು ಭಾರತದ ಸಿಮ್‌ಗೆ. ಅದರ ರೋಮಿಂಗ್ ಊರಲ್ಲೇ ಚಾಲೂ ಮಾಡಿ, 60 ದಿನಕ್ಕೂ ಮೀರಿದ ರೀಚಾರ್ಜ್ ಹಾಕಿ.

ವಿಯೆಟ್ನಾಂನ 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ. ಮಬ್ಬು ಬೆಳಕಿನಲ್ಲಿ ಟ್ಯಾಕ್ಸಿಗೆ ಒಂದರ ಬದಲು ಇನ್ನೊಂದು ಕೊಟ್ಟರೆ 25 ಪಟ್ಟು ಹೋಯಿತು. 5 ಲಕ್ಷದ ನೋಟನ್ನು ಬೇರೆ ಜೇಬಿನಲ್ಲಿಡಿ.

ಚೀಲ

40 ಲೀಟರ್ ಸಾಕು, ತೂಕ 7 ಕಿಲೋ ಮೀರದಿರಲಿ. ಅಗ್ಗದ ವಿಮಾನಗಳಲ್ಲಿ ಕೈಚೀಲದ ಮಿತಿ ಅದೇ, ಗೇಟಿನ ಬಳಿ ತೂಗಿ ಹಿಡಿಯುತ್ತಾರೆ. ಅಂಗಡಿಯಲ್ಲಿ ಚೀಲಕ್ಕೆ ಭಾರ ತುಂಬಿಸಿ ಹಾಕಿ ನೋಡಿ: ಸೊಂಟಪಟ್ಟಿ ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಭಾರವೆಲ್ಲ ಹೆಗಲಿಗೇ ಬೀಳುತ್ತಿದ್ದರೆ ಚೀಲ ನಿಮ್ಮ ಬೆನ್ನಿನ ಅಳತೆಯದಲ್ಲ. ನಾಲ್ಕು ಅಂಗಿ, ಎರಡು ಪ್ಯಾಂಟು, ವಾರಕ್ಕೊಮ್ಮೆ ಒಗೆಸಿಕೊಂಡರಾಯಿತು. ಟರ್ಕಿ ಟವೆಲ್ ಬಿಟ್ಟು ಪಾಣಿಪಂಚೆ ಒಯ್ಯಿರಿ, ಗಂಟೆಯಲ್ಲಿ ಒಣಗುತ್ತದೆ. ಒಂದು ಲುಂಗಿ ಇದ್ದರೆ ಹೊದಿಕೆ, ಡಾರ್ಮಿಟರಿ ಹಾಸಿಗೆಗೆ ಪರದೆ, ದೇವಸ್ಥಾನದಲ್ಲಿ ಮೊಣಕಾಲು ಮುಚ್ಚಲು ಬಟ್ಟೆ, ಎಲ್ಲವೂ ಆಯಿತು. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್‌ಅವರ್ ಒಳಗೆ. 20,000 ಎಂಎಎಚ್‌ನದು ಸುಮಾರು 74, ತೊಂದರೆಯಿಲ್ಲ.

ಸಸ್ಯಾಹಾರಿಗಳಿಗೆ: ಅಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸು ಬೀಳುತ್ತದೆ. ಥಾಯ್ಲೆಂಡಿನಲ್ಲಿ 'ಜೇ', ವಿಯೆಟ್ನಾಂನಲ್ಲಿ 'ಚಾಯ್' ಎಂದು ಕೇಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ವಿಯೆಟ್ನಾಂನಲ್ಲಿ ಬೌದ್ಧರ ಸಸ್ಯಾಹಾರ ಹೆಚ್ಚು ಸಿಗುತ್ತದೆ. ಅರ್ಧ ಕಿಲೋ ಚಟ್ನಿಪುಡಿ ಇದ್ದರೆ ಬರಿ ಅನ್ನವೂ ಊಟವೇ.

ಕೆಡುವುದು ಎಲ್ಲಿ

ಸ್ಕೂಟರ್. ಭಾರತ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆಗೆ ಕೊಡುವವನು ಏನೂ ಕೇಳುವುದಿಲ್ಲ. ಬಿದ್ದು ಕಾಲು ಮುರಿದಾಗ ಕೇಳುವುದು ವಿಮೆ ಕಂಪನಿ, ಆಗ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಥಾಯ್ಲೆಂಡಿನಲ್ಲಿ ನಮ್ಮದು ನಡೆಯುತ್ತದೆ, ಆದರೆ ಅದರಲ್ಲಿ ದ್ವಿಚಕ್ರದ ಮುದ್ರೆ ಇರಬೇಕು. ಎಲ್ಲೇ ಆಗಲಿ ಪಾಸ್‌ಪೋರ್ಟನ್ನು ಒತ್ತೆ ಇಡಬೇಡಿ.

ನಾಯಿ, ಕೋತಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಿ. ಹಳ್ಳಿಗಾಡಿನಲ್ಲಿ ರೇಬೀಸ್ ಲಸಿಕೆ ಸಿಗುವುದು ಕಷ್ಟ, ಹಾಗಾಗಿ ಮುಂಚಿತ ಡೋಸಿನ ಬಗ್ಗೆ ಹೊರಡುವ ಆರು ವಾರ ಮೊದಲೇ ವೈದ್ಯರನ್ನು ಕೇಳಿ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ತೆಗೆದುಕೊಳ್ಳುವವರು ವೈದ್ಯರ ಚೀಟಿ ಸಮೇತ ಒಯ್ಯಿರಿ, ಥಾಯ್ಲೆಂಡಿನಲ್ಲಿ ಕೆಲವಕ್ಕೆ ನಿರ್ಬಂಧವಿದೆ. ಇ-ಸಿಗರೇಟು ಅಲ್ಲಿ ನಿಷಿದ್ಧ.

ಕೊನೆಯದು, ಒಂಟಿಯಾಗಿ ಹೋಗುವ ಯುವಕ ಯುವತಿಯರಿಗೆ. ಹಾಸ್ಟೆಲ್‌ನಲ್ಲೋ ಫೋನಿನಲ್ಲೋ ಯಾರಾದರೂ 'ಡೇಟಾ ಎಂಟ್ರಿ ಕೆಲಸ, ಒಳ್ಳೆ ಸಂಬಳ, ಮೇ ಸೊಟ್‌ಗೆ ಬನ್ನಿ' ಎಂದರೆ ಎದ್ದುಹೋಗಿ. ಥಾಯ್ಲೆಂಡಿನ ಆ ಊರಿನಿಂದ ನದಿ ದಾಟಿದರೆ ಮ್ಯಾನ್ಮಾರ್, ಅಲ್ಲಿ ಜನರನ್ನು ಕೂಡಿಹಾಕಿ ಸೈಬರ್ ವಂಚನೆ ಮಾಡಿಸುವ ಅಡ್ಡೆಗಳು. ಅಲ್ಲಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳು ಕರೆತರಬೇಕಾಯಿತು. ಬೆಂಗಳೂರಿನ ಇಮಿಗ್ರೇಷನ್‌ನಲ್ಲಿ ಅಧಿಕಾರಿ 'ಒಬ್ಬರೇ ಯಾಕೆ, ಎಲ್ಲಿ ಉಳಿಯುತ್ತೀರಿ' ಎಂದು ಕೆದಕುವುದೂ ಇದೇ ಕಾರಣಕ್ಕೆ. ಸಿಟ್ಟಾಗದೆ ವಾಪಸ್ ಟಿಕೆಟ್, ಮೊದಲ ಮೂರು ರಾತ್ರಿಯ ಬುಕಿಂಗ್, ವಿಮೆ ಕಾಗದ ತೋರಿಸಿ. ಅವುಗಳ ಒಂದು ಪ್ರತಿ ಮನೆಯಲ್ಲೂ ಇರಲಿ.