ಕವಿಮನೆಗೆ ನೆಂಟರಂತೆ ಹೋಗಿ

ಕೊಡಗಿನಿಂದ ಕವಿ ಕುವೆಂಪು ಅವರ ಮನೆಯಿರುವ ಕುಪ್ಪಳಿಗೆ ಹೊರಡುವವರು ‘ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡೋಣ’ ಎಂಬ ಲೆಕ್ಕವನ್ನು ಮೊದಲೇ ಕೈಬಿಡಬೇಕು. ಮಡಿಕೇರಿಯಿಂದ ಹಾಸನ, ಚಿಕ್ಕಮಗಳೂರು, ಕೊಪ್ಪ ದಾಟಿ ತೀರ್ಥಹಳ್ಳಿ ರಸ್ತೆ ಹಿಡಿಯುವಷ್ಟರಲ್ಲಿ ಅರ್ಧ ದಿನ ತಿರುವುಗಳಲ್ಲೇ ಕರಗಿರುತ್ತದೆ. ಕೊಪ್ಪದಲ್ಲೋ ತೀರ್ಥಹಳ್ಳಿಯಲ್ಲೋ ಒಂದು ರಾತ್ರಿ ತಂಗಿ. ಬಸ್ಸಿನಲ್ಲಿ ಹೋಗುವವರು ಕಂಡಕ್ಟರಿಗೆ ‘ಕುಪ್ಪಳಿ’ ಎಂದು ಹತ್ತುವಾಗಲೇ ಹೇಳಿಡಿ.

ಮಳೆಗಾಲ ಬೇಡ. ಕೊಡಗಿನವರಾದ ನಮಗೆ ಮಳೆ ಹೊಸದಲ್ಲ, ಜಿಗಣೆಯೂ ಹೊಸದಲ್ಲ, ನಿಜ. ಆದರೆ ಮಂಜು ಕವಿದರೆ ಮನೆಯ ಬಳಿಯ ಬೆಟ್ಟ ಕವಿಶೈಲದಿಂದ ನೋಡಬೇಕಾದದ್ದೇ ಕಾಣುವುದಿಲ್ಲ. ನಮ್ಮ ಸುಗ್ಗಿಹಬ್ಬ ಹುತ್ತರಿ ಮುಗಿದು, ರೊಬಸ್ಟಾ ಕಾಫಿಯ ಕೊಯ್ಲಿಗೆ ಆಳು ಹುಡುಕುವ ತಲೆನೋವು ಶುರುವಾಗುವ ಮುಂಚಿನ ದಿನಗಳೇ ಸರಿ. ಡಿಸೆಂಬರ್ 29 ಕವಿಯ ಹುಟ್ಟುಹಬ್ಬ; ಗದ್ದಲ ಒಗ್ಗದವರು ಆ ಒಂದು ದಿನ ತಪ್ಪಿಸಿಕೊಳ್ಳಿ.

ಮೊದಲು ಮನೆ, ಆಮೇಲೆ ಬೆಟ್ಟ. ಈ ಕ್ರಮ ಬದಲಿಸಬೇಡಿ. ಕುವೆಂಪು 1904ರಲ್ಲಿ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ಬೆಳೆದದ್ದು ಇಲ್ಲಿ. ಮೂರು ಅಂತಸ್ತಿನ ಹೆಂಚಿನ ಮನೆ, ನಡುವೆ ಅಂಗಳ, ಸುತ್ತ ಜಗಲಿ, ಮರದ ಕಂಬಗಳು. ಕೊಡವರ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಆಡಿ ಬೆಳೆದವರ ಕಣ್ಣು ಒಳಗೆ ಕಾಲಿಟ್ಟ ಕೂಡಲೇ ಐಮರವನ್ನು, ಅಂದರೆ ಜಗಲಿಯ ಮರದ ಆಸನವನ್ನು, ಹುಡುಕುತ್ತದೆ. ಹುಡುಕಲಿ ಬಿಡಿ, ಅವಸರವೇನು? ಹೆಂಚಿನ ಅಂಚಿನಿಂದ ಇಳಿದ ಬಿಸಿಲು ಅಂಗಳದ ಒಂದು ಮಗ್ಗುಲಿನಿಂದ ಮೆಲ್ಲಗೆ ಜಗಲಿಯತ್ತ ಸರಿಯುತ್ತದೆ. ಕಂಬದ ಪಕ್ಕ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಬಹುತೇಕ ಮಂದಿ ನೇರ ಮಹಡಿ ಹತ್ತಿ ಪ್ರಶಸ್ತಿ, ಫೋಟೊಗಳ ಮುಂದೆ ನಿಲ್ಲುತ್ತಾರೆ. ನನ್ನ ಮಟ್ಟಿಗೆ ಕೆಳಗಿನ ಹಳೆಯ ಪಾತ್ರೆ ಪರಡಿಗಳಿಗೇ ಹೆಚ್ಚು ಹೊತ್ತು ಸಲ್ಲಬೇಕು. ಮಕ್ಕಳು ಜತೆಗಿದ್ದರೆ, ಇವುಗಳಲ್ಲಿ ಯಾವುದು ಅಜ್ಜಿಮನೆಯ ಅಟ್ಟದಲ್ಲಿದೆ ಎಂದು ಕೇಳಿ. ಆಮೇಲೆ ಅವರನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಮೊಬೈಲ್ ಹೊರತೆಗೆಯುವ ಮುನ್ನ ಸಿಬ್ಬಂದಿಯನ್ನು ಕೇಳಿ. 2015ರಲ್ಲಿ ಇದೇ ಮನೆಯಿಂದ ಕವಿಯ ಪದ್ಮ ಪದಕಗಳು ಕಳುವಾಗಿದ್ದವು. ಯಾರಾದರೂ ನಿಮ್ಮ ಚೀಲವನ್ನು ಎರಡು ಸಲ ನೋಡಿದರೆ ಮುನಿಸಿಕೊಳ್ಳಬೇಡಿ.

ಬಿಸಿಲು ಇಳಿಯುತ್ತಿದ್ದಂತೆ ಕವಿಶೈಲಕ್ಕೆ ಹೊರಡಿ. ದೊಡ್ಡ ದೊಡ್ಡ ಕಲ್ಲುಗಳನ್ನು ಆದಿಕಾಲದ ಶಿಲಾಸಮಾಧಿಗಳಂತೆ ನಿಲ್ಲಿಸಿದ್ದಾರೆ; 1994ರಲ್ಲಿ ತೀರಿಕೊಂಡ ಕವಿಯ ಸಮಾಧಿಯೂ ಇಲ್ಲಿಯೇ. ಇವೆಲ್ಲ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಹುಡುಕಿಕೊಂಡು ನೋಡಬೇಕಾದದ್ದು ಬಂಡೆಯ ಮೇಲಿನ ಅಕ್ಷರಗಳನ್ನು: ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು, ಜತೆಗೆ 1936 ಎಂಬ ಇಸವಿ. ಇಬ್ಬರು ಮೇಷ್ಟರು, ಒಬ್ಬ ಶಿಷ್ಯ. ಓರೆ ಬಿಸಿಲು ಬಿದ್ದಾಗ ಗೀರುಗಳು ಎದ್ದು ಕಾಣುತ್ತವೆ. ಅದನ್ನು ನೋಡಿ ನಿಮ್ಮ ಜೇಬಿನ ಬೀಗದ ಕೈಗೆ ಕೆರೆತ ಹತ್ತದಿರಲಿ.

ಸೂರ್ಯ ಮುಳುಗುವವರೆಗೆ ಕುಳಿತಿರುವುದಾದರೆ ಚೀಲದಲ್ಲಿ ಟಾರ್ಚ್ ಇರಲಿ. ಕಾಡಿನ ದಾರಿಯಲ್ಲಿ ಕತ್ತಲು ಎಷ್ಟು ಬೇಗ ಬೀಳುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.